ನೆರೆಮನೆಯ ಹುಡುಗಿ

ಫುಟ್ಬಾಲ್ ಆಟಗಾರ ಎರಿವಾಲ್ದೊ ಬರುತ್ತಾನೆಂದು ಕೇಳಿ ಬ್ರೆಜಿಲಿನ ಸಾಲ್ವದೊರ್‌ನ ಆ ಓಣಿಯವರು ಗೋಡೆಗೆಲ್ಲ ಸುಣ್ಣ ಬಳಿದರು. ಯುರೋಪಿನ ಮೈದಾನದಲ್ಲಿ ಪ್ರೇಕ್ಷಕರು ಅವನ ಕಪ್ಪು ಬಣ್ಣ ನೋಡಿ ಮಂಗ ಎಂದು ಕೂಗಿದ್ದರು. ಅವನು ಆಟ ಬಿಟ್ಟು ಹೊರನಡೆದಿದ್ದ. ಅಂದಿನಿಂದ ಬ್ರೆಜಿಲ್ ತುಂಬ ಅವನದೇ ಮುಖ. ಈಗ ಟಿವಿಯವರು ಅವನು ಬೆಳೆದ ಓಣಿಯನ್ನು ತೋರಿಸಲು ಹೊರಟಿದ್ದರು.

ಅದೇ ಓಣಿಯಲ್ಲಿ ಜಸಿಯಾರ ಎಂಬವಳು ತನ್ನಂಥ ಕಪ್ಪು ಹೆಂಗಸರಿಗೆ ತಲೆ ಬಾಚಿ ಸಣ್ಣ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದಳು. ಎರಿ ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಅವನೊಂದಿಗೆ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದವಳು. ಮೊಣಕಾಲು ಮುರಿದುಕೊಂಡು ಮಲಗಿದ್ದವನನ್ನು ಎಬ್ಬಿಸಿ ನಡೆಸಿದವಳು. ದೊಡ್ಡ ಕ್ಲಬ್ಬು ಕರೆದ ಮೇಲೆ ಅವನ ಮಾತಿನ ಧಾಟಿ ಬದಲಾಯಿತು. ಮಾಲೀಕರ ಮನೆಯ ಔತಣಕ್ಕೆ ಜಡೆ ಬಿಚ್ಚಿ ಗುಂಗುರು ಕೂದಲು ನೆಟ್ಟಗೆ ಮಾಡಿಸಿಕೊಂಡು ಬಾ ಎಂದ. ಔಷಧಿ ಹಚ್ಚಿ ನೆತ್ತಿ ಸುಟ್ಟುಕೊಂಡು ಹೋದಳು. ಫೋಟೋ ಹೊತ್ತಿಗೆ ಸ್ವಲ್ಪ ಆಚೆ ನಿಲ್ಲು ಎಂದ. ವಿದೇಶಕ್ಕೆ ಹೋದವನ ಫೋನು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಹೊಂಗೂದಲಿನ ನಿರೂಪಕಿ ಲೊರೆನಳನ್ನು ಅವನು ಮದುವೆಯಾದ ಸುದ್ದಿಯನ್ನು ಜಸಿಯಾರ ತನ್ನ ಅಂಗಡಿಯ ಟಿವಿಯಲ್ಲಿ, ಗಿರಾಕಿಗಳ ಜೊತೆಗೇ ನೋಡಿದಳು. ಕೈಯಲ್ಲಿದ್ದ ಜಡೆಯನ್ನು ಹೆಣೆದು ಮುಗಿಸಿದಳು.

ಟಿವಿ ತಂಡದ ಹೆಂಗಸು ಮೊದಲೇ ಬಂದು, ಜಸಿಯಾರ ತಾನು ಯಾರೆಂದು ಹೇಳಬೇಕೆಂಬುದನ್ನು ಹೇಳಿಕೊಟ್ಟಿದ್ದಳು: ಅಕ್ಕನ ಹಾಗಿದ್ದ ನೆರೆಮನೆಯ ಹುಡುಗಿ, ಚಿಕ್ಕಂದಿನಲ್ಲಿ ಎರಿಯ ತಲೆ ಬಾಚುತ್ತಿದ್ದಳು, ಅಷ್ಟು ಸಾಕು. ಜಸಿಯಾರಳ ಅವ್ವ ಕೂಡ ಒಪ್ಪಿಕೊ, ಅಂಗಡಿಗೆ ಹೆಸರು ಬರುತ್ತೆ ಎಂದಳು. ಜಸಿಯಾರ ಬಾಚಣಿಗೆಗಳನ್ನು ತೊಳೆದಿಟ್ಟಳು.

ಎರಿ ಬಂದ, ಹೆಂಡತಿಯೂ ಬಂದಳು. ಓಣಿಯೇ ಅಂಗಡಿಯ ಬಾಗಿಲಲ್ಲಿ ನಿಂತಿತ್ತು. ಕ್ಯಾಮೆರಾ ತಿರುಗುತ್ತಿದ್ದಂತೆ ಲೊರೆನ ತಾನೇ ಕುರ್ಚಿಯಲ್ಲಿ ಕೂತು ಕೂದಲು ಬಿಚ್ಚಿದಳು.

"ನನಗೂ ನಿಮ್ಮ ಥರಾನೇ ಜಡೆ ಹಾಕಿ. ನಾನೂ ನಿಮ್ಮವಳೇ ಅಂತ ಜನಕ್ಕೆ ಗೊತ್ತಾಗಲಿ."

ಜಸಿಯಾರ ಬಾಚಣಿಗೆ ಕೆಳಗಿಟ್ಟಳು.

"ನೀವು ಏಳಿ ತಾಯಿ. ನಿಮ್ಮ ಹತ್ರ ನನ್ನ ಜಗಳ ಇಲ್ಲ." ಎರಿಯ ಕಡೆ ತಿರುಗಿದಳು. "ಏನೋ, ನನ್ನ ತಲೇಲಿದ್ದಾಗ ಇದೇ ಜಡೆ ನಿನಗೆ ಅವಮಾನ. ಇವರ ತಲೇಲಿ ಬಂದ್ರೆ ಚೆಂದವಾ?"

"ಜಸೀ, ಅದೆಲ್ಲ ಈಗ್ಯಾಕೆ? ಜನ ನೋಡ್ತಿದಾರೆ."

"ನೋಡ್ಲಿ ಬಿಡು. ನಿನ್ನ ಮಂಗ ಅಂದ ದಿನ ನಾನೂ ಅತ್ತಿದೀನಿ ಕಣೋ. ಆದ್ರೆ ನನ್ನ ಬಣ್ಣ ನೋಡಿ ಮೊದಲು ನಾಚಿಕೊಂಡವನು ನೀನೇ." ಆಮೇಲೆ ಕ್ಯಾಮೆರಾಕ್ಕೆ ನೇರವಾಗಿ ಹೇಳಿದಳು: "ನಾನು ನೆರೆಮನೆಯವಳಲ್ಲ. ಇವನ ಜೊತೆ ಬಾಳಿದವಳು."

ಟಿವಿಯವರು ಅದನ್ನು ಕತ್ತರಿಸಿ ಬಿಸಾಕಿದರು. ಆದರೆ ಬಾಗಿಲಲ್ಲಿದ್ದ ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದು ದೇಶವೆಲ್ಲ ಸುತ್ತಿತು. ಬೈಗುಳ ಸುರಿಯತೊಡಗಿತು. ಹೊಟ್ಟೆಕಿಚ್ಚಿನವಳು ಎಂದರು, ಅವಳ ಮೂಗು ತುಟಿಗಳನ್ನು ಆಡಿಕೊಂಡರು. ಎರಿಗಾಗಿ ಕಣ್ಣೀರಿಟ್ಟು ಅವನ ಚಿತ್ರ ಹಾಕಿಕೊಂಡಿದ್ದವರೇ ಅವಳನ್ನು ಮಂಗ ಎಂದು ಬರೆದರು. ಎರಿ ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ಒಂದು ಕ್ಷಮೆ ಕೇಳಿಬಿಡು, ತಣ್ಣಗಾಗುತ್ತದೆ ಎಂದು ಗುಟ್ಟಾಗಿ ಹೇಳಿಕಳಿಸಿದ. ಅದನ್ನು ಕೇಳಿದ ಅವ್ವನೇ ಎದ್ದು ಶಾಲು ಹೊದ್ದು, "ನಡಿಯೇ ಪೊಲೀಸ್ ಠಾಣೆಗೆ" ಎಂದಳು.

ಠಾಣೆಯವನು ಫೋನು ನೋಡಿ ನಕ್ಕ. "ಎರಿ ವಿಷಯಾನಾ?"

"ಅಲ್ಲ," ಎಂದಳು ಜಸಿಯಾರ. "ಬೈದಿರೋದು ನನ್ನನ್ನ. ನನ್ನ ಹೆಸರಲ್ಲಿ ಬರ್ಕೊಳ್ಳಿ."

ಸಂಜೆಯವರೆಗೆ ಕಾಯಿಸಿದರು. ಅವ್ವ ಮಗಳು ಬೆಂಚು ಬಿಟ್ಟು ಏಳಲಿಲ್ಲ. ಕಡೆಗೆ ದೂರು ದಾಖಲಾಯಿತು.

ತಿಂಗಳುಗಳ ಮೇಲೆ ಅವಳನ್ನು ಹಾಗೆ ಬೈದು ಬರೆದಿದ್ದ ದಕ್ಷಿಣದ ಊರಿನ ಶಾಲಾ ಮಾಸ್ತರನೊಬ್ಬ ನ್ಯಾಯಾಧೀಶರೆದುರು ನಿಂತು, ತಮಾಷೆಗೆ ಬರೆದೆ, ತನಗೂ ಹೆಣ್ಣುಮಕ್ಕಳಿದ್ದಾರೆ ಎಂದು ಅತ್ತ. ಕ್ಷಮಿಸಲು ಒಪ್ಪಿಗೆಯೇ ಎಂದು ನ್ಯಾಯಾಧೀಶರು ಜಸಿಯಾರಳನ್ನು ಮೆಲ್ಲಗೆ ಕೇಳಿದರು. ಅವಳ ವಕೀಲೆಯೂ ಒಪ್ಪಿಬಿಡುವಂತೆ ಮೊಣಕೈ ಮುಟ್ಟಿದಳು.

"ಇಲ್ಲ," ಎಂದಳು ಜಸಿಯಾರ.