ಸಿದ್ದಲಿಂಗವ್ವನ ಮಾಳಿಗೆ ಮನೆ

ಶ್ರೀವಲ್ಲಭನಿಗೆ ಮನೆ ಇರಲಿಲ್ಲ. ಸರ್ಕಾರಿ ಖಜಾನೆಯಲ್ಲಿ ಗುಮಾಸ್ತಿಕೆ ಇತ್ತು, ಆರು ತಿಂಗಳ ಹಿಂದೆ ಮದುವೆಯಾದ ಹೆಂಡತಿ ಇದ್ದಳು. ಆದರೆ ಹೆಂಡತಿ ಇಂಡಿ ಊರಿನ ತವರಿನಲ್ಲಿದ್ದಳು, ಅವನು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿದ್ದ. ಮಾವ ಪಾಂಡುರಂಗರಾಯರು ನಿವೃತ್ತ ಹೆಡ್‌ಮಾಸ್ತರರು. ಮದುವೆಯ ಮರುದಿನವೇ ಕಡ್ಡಿ ಮುರಿದಂತೆ ಹೇಳಿದ್ದರು: "ಒಳಗ ನಳ, ಒಳಗ ಸಂಡಾಸ. ಎರಡೂ ಇರೋ ಮನಿ ಹಿಡೀರಿ, ಹುಡುಗೀನ್ನ ಕಳಸ್ತೇನಿ. ನನ್ನ ಮಗಳು ಕೊಡ ಹಿಡ್ಕೊಂಡು ಪಾಳೀಗೆ ನಿಲ್ಲೂದಿಲ್ಲ."

೧೯೯೭ರ ಮಾತು. ಎರಡೂ ಒಳಗಿರುವ ಮನೆಗಳು ಆ ಊರಿನಲ್ಲಿ ಕೋರ್ಟಿನ ಹಿಂದಿನ ಬಡಾವಣೆಯಾದ ಪ್ಲಾಟಿನಲ್ಲಷ್ಟೇ ಸಿಗುತ್ತಿದ್ದವು. ಆಣೆಕಟ್ಟಿನ ಕೆಲಸಕ್ಕೆ ಬಂದ ಇಂಜಿನಿಯರುಗಳು ಅಲ್ಲಿ ಕೇಳಿದಷ್ಟು ಕೊಟ್ಟು ಬಾಡಿಗೆ ಏರಿಸಿಟ್ಟಿದ್ದರು. ಎರಡೇ ಖೋಲಿಯ ಮನೆಗೂ ಅವನ ಅರ್ಧ ಪಗಾರ ಕೇಳುತ್ತಿದ್ದರು. ಹಾಗಾಗಿ ಅದೇ ಪ್ಲಾಟಿನಲ್ಲಿ ಮನೆಯೊಡತಿ ಸಿದ್ದಲಿಂಗವ್ವ ತಿಂಗಳಿಗೆ ಎಂಟುನೂರು ಸಾಕು ಅಂದಾಗ ಶ್ರೀವಲ್ಲಭನಿಗೆ ಖುಷಿಯಾಗಲಿಲ್ಲ. ಇದರಲ್ಲೇನೋ ಇದೆ ಅನಿಸಿತು.

ಗಂಡ ತೀರಿಕೊಂಡಿದ್ದ ಸಿದ್ದಲಿಂಗವ್ವ ಕೆಳಗಿರುತ್ತಿದ್ದಳು. ಬಾಡಿಗೆಗೆ ಇದ್ದದ್ದು ಮಾಳಿಗೆ. ಅವನು ನಳ ತಿರುವಿದ. ನೀರು ರಭಸವಾಗಿ ಬಂತು. ಗೋಡೆ ಬಡಿದು ನೋಡಿದ, ಸಂಡಾಸಿಗೆ ಎರಡು ಬಕೆಟ್ ನೀರು ಹೊಯ್ದು ನೋಡಿದ. ಎಲ್ಲಿಯೂ ಕುಂದು ಸಿಗಲಿಲ್ಲ. ಸಿಗದೇ ಇದ್ದದ್ದೇ ಅವನನ್ನು ಇನ್ನಷ್ಟು ಕಾಡಿತು. ಒಳಗಿನ ಖೋಲಿಯ ಮೇಲ್ಛಾವಣಿಯಲ್ಲಿ ಹೆಬ್ಬೆರಳು ದಪ್ಪದ ಕಬ್ಬಿಣದ ಕೊಂಡಿಯೊಂದಿತ್ತು. ಅದರ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದ.

"ನಿಮಗ ಬದ್ಲಿ ಆಗ್ತೈತಲ್ರಿ?" ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗವ್ವ ಕೇಳಿದಳು.

"ಮೂರು ವರ್ಷಕ್ಕ ಆಗ್ತದ."

"ತಪ್ಪಂಗಿಲ್ಲಲ್ಲ?"

"ತಪ್ಪೂದಿಲ್ಲ. ಯಾಕ್ರಿ?"

"ಸುಮ್ನ ಕೇಳಿದೆ. ಅಮಾಸಿ ಮುಗೀಲಿ, ಆಮ್ಯಾಲೆ ಬಂದು ಹಾಲು ಉಕ್ಕಸ್ರಿ. ಡಿಪಾಜಿಟ್ ಬ್ಯಾಡ."

ಮನೆ ಹೊಗುವ ಮೊದಲೇ ಯಾವಾಗ ಹೋಗುತ್ತೀರಿ ಅಂತ ಕೇಳುವವರನ್ನು ಅವನು ಕಂಡಿರಲಿಲ್ಲ. ಡಿಪಾಜಿಟ್ ಬೇಡ ಅನ್ನುವವರನ್ನಂತೂ ಇಲ್ಲವೇ ಇಲ್ಲ.

ಆ ಮನೆ ತೋರಿಸಿಕೊಟ್ಟವನು ಖಜಾನೆ ಎದುರಿನ ಚಹದಂಗಡಿಯ ಶಂಕ್ರೆಪ್ಪ. ಸಂಜೆ ಅವನನ್ನೇ ಹಿಡಿದ.

"ಶಂಕ್ರೆಪ್ಪ, ಆ ಮನ್ಯಾಗ ಏನರೆ ಆಗ್ಯದೇನು?"

"ಮನ್ಯಾಗ ಏನ ಆಗ್ತೈತ್ರಿ? ಸಂಸಾರ ಆಗ್ತೈತಿ."

"ಚ್ಯಾಷ್ಟಿ ಬಿಡು. ಒಳಗಿನ ಖೋಲ್ಯಾಗ ಮ್ಯಾಲೊಂದು ಕೊಂಡಿ ಅದ. ಯಾರರೆ ಹೆಣ್ಮಗಳು ಉರ್ಲ ಹಾಕ್ಕೊಂಡಾಳೇನು? ಇಲ್ಲಂದ್ರ ಈ ಪ್ಲಾಟಿನ್ಯಾಗ ಎಂಟುನೂರಕ್ಕ ಯಾರು ಕೊಡ್ತಾರ?"

ಸೋಸುತ್ತಿದ್ದ ಚಹ ಅಲ್ಲಿಗೇ ನಿಂತಿತು. "ನನಗಂತೂ ಗೊತ್ತಿಲ್ರಿ," ಅಂದ ಶಂಕ್ರೆಪ್ಪ, ದನಿ ಇಳಿಸಿ. "ತಡೀರಿ, ಕೇಳಿ ನೋಡ್ತೇನಿ."

ಎರಡು ದಿನದ ಮೇಲೆ ಶ್ರೀವಲ್ಲಭ ಖಾನಾವಳಿಯಲ್ಲಿ ಉಣ್ಣುತ್ತಿದ್ದಾಗ, ಅದನ್ನು ನಡೆಸುವ ಶೇವಂತೆವ್ವ ರೊಟ್ಟಿ ಹಾಕುತ್ತ ಬಗ್ಗಿದಳು.

"ಸಾಹೇಬ್ರ, ಸಿದ್ದಲಿಂಗವ್ವನ ಮನಿ ಹಿಡಿಯಾಕತ್ತೀರಂತ. ಬ್ಯಾಡ್ರಿ. ಅಲ್ಲಿ ಒಬ್ಬಾಕಿ ಕೊಂಡಿಗೆ ಉರ್ಲ ಹಾಕ್ಕೊಂಡಾಳಂತ."

"ಯಾರು?"

"ಹೆಸರ ಗೊತ್ತಿಲ್ರಿ. ಬಸರಿ ಇದ್ಲಂತ, ಪಾಪ."

ಮಾಳಿಗೆ ಹತ್ತಿ ನೋಡದ ಹೆಂಗಸಿಗೂ ಕೊಂಡಿ ಗೊತ್ತಿದೆ! ಅಂದಮೇಲೆ ತನ್ನ ಸಂಶಯ ಸುಳ್ಳಲ್ಲ. ಒಂದು ಬಗೆಯಲ್ಲಿ ಅವನಿಗೆ ಸಮಾಧಾನವೂ ಆಯಿತು.

ಎಸ್‌ಟಿಡಿ ಬೂತಿನಿಂದ ಇಂಡಿಗೆ ಫೋನು ಹಚ್ಚಿದ. ಎತ್ತಿದವಳು ಹೆಂಡತಿ ಮೃಣಾಲಿನಿ. ಅವಳಿಗೆ ಕೊಂಡಿಯ ಸಂಗತಿ ಹೇಳಿದ.

"ಕೊಂಡಿ ಇದ್ರ ಏನಾತ್ರಿ? ನಿಮ್ಮ ಅಂಗಿ ಜೋತ ಹಾಕೋಣಂತ. ನಳಾ ಬರ್ತದೋ ಇಲ್ಲೋ ಹೇಳ್ರಿ."

"ಜೋರಾಗೇ ಬರ್ತದ. ಆದ್ರ ಊರಾಗೆಲ್ಲಾ..."

"ಟ್ರಂಕ್ ತುಂಬಿ ಇಟ್ಟು ತಿಂಗಳಾತು. ಬಾಡಗಿ ಹೆಚ್ಚಾದ್ರೂ ನಿಮಗ ಹೊಟ್ಟಿನೋವು, ಕಡಿಮಿ ಆದ್ರೂ ಹೊಟ್ಟಿನೋವು!"

ಅಷ್ಟರಲ್ಲಿ ಮಾವ ರಿಸೀವರ್ ಇಸಿದುಕೊಂಡರು. "ಏನದು ಕೊಂಡಿ?"

ಶ್ರೀವಲ್ಲಭ ಹೇಳಿದ. ಬಸುರಿಯ ಮಾತನ್ನೂ ಬಿಡದೆ ಹೇಳಿದ.

"ಆ ಮನಿಗೆ ನನ್ನ ಮಗಳು ಬರೂದಿಲ್ಲ," ಅಂದರು ರಾಯರು. ಫೋನು ಇಟ್ಟರು.

ಅಮಾವಾಸ್ಯೆಯ ಮರುದಿನ ಶ್ರೀವಲ್ಲಭ ಮನೆ ಬೇಡವೆಂದು ಹೇಳಲು ಹೋದ. ಸಿದ್ದಲಿಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಕೂಡ್ರಿ ಅನ್ನಲಿಲ್ಲ.

"ಬರ್ರಿ ಸಾಹೇಬ್ರ. ಉರ್ಲ ಹಾಕ್ಕೊಂಡಾಕಿ ಹೆಸರ ಗೊತ್ತಾತೇನ್ರಿ?"

ಆಕೆ ಜೋಳದ ಹರಳು ಆರಿಸುತ್ತಲೇ ಮುಂದುವರಿಸಿದಳು.

"ಶೇವಂತೆವ್ವನ್ನ ಕೇಳಿದೆ, ಶಂಕ್ರೆಪ್ಪ ಅಂದ ಅಂದ್ಳು. ಶಂಕ್ರೆಪ್ಪನ್ನ ಕೇಳಿದೆ, ಖಜಾನಿ ಸಾಹೇಬ್ರು ಅಂದ್ರು ಅಂದ. ಇನ್ನ ನೀವ ಹೇಳ್ರಿ, ನಿಮಗ ಯಾರು ಅಂದ್ರು?"

"ನಾ ಕೊಂಡಿ ನೋಡಿ ಸುಮ್ನ ಕೇಳಿದ್ದೆ ಅಷ್ಟ್ರಿ," ಅಂದ ಶ್ರೀವಲ್ಲಭ.

"ಅದು ತೊಟ್ಟಿಲದ ಕೊಂಡಿ. ನನ್ನ ಮೂರೂ ಮಕ್ಕಳು ಅದಕ್ಕ ಜೋತಾಡ್ಯಾವ, ಖರೆ. ಮೂರೂ ಜೀವಂತ ಅದಾವ."

"ಮತ್ತ ಎಂಟುನೂರಕ್ಕ ಯಾಕ..."

"ಹಿಂದ ಇದ ಊರ ವ್ಯಾಪಾರಿಗೆ ಬಾಡಗಿ ಕೊಟ್ಟು ಹನ್ನೊಂದ ವರ್ಷ ಕೋರ್ಟಿಗೆ ಅಡ್ಡಾಡೇನಿ, ಮನಿ ಬಿಡಲಿಲ್ಲ ಅಂವ. ಇಂಜಿನಿಯರ ಮಂದಿಗೆ ಎರಡ ಖೋಲಿ ಸಾಲಂಗಿಲ್ಲ. ಬದ್ಲಿ ಆಗೋ ಸಣ್ಣ ನೌಕರಸ್ಥ ಸಿಕ್ರ ಸಾಕು, ತಾನ ಎದ್ದು ಹೋಗ್ತಾನ ಅಂತ ಕಡಿಮಿ ಹೇಳಿದೆ."

ಬಿಸಿಲು ನೆತ್ತಿಗೆ ಬಂದಿತ್ತು. ಶ್ರೀವಲ್ಲಭ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಹಂಗಿದ್ರ ಬರ್ತೇನ್ರಿ ನಾನು. ಮಾವನೋರಿಗೆ ತಿಳಿಸಿ ಹೇಳ್ತೇನಿ."

"ಬ್ಯಾಡ್ರಿ. ಹೊರಗ ನಿಂತು ಇಷ್ಟ ಹುಟ್ಟಿಸೀರಿ, ಒಳಗ ಬಂದ್ರ ಏನೇನ ಹುಟ್ಟಸ್ತೀರೋ." ಆಕೆ ಜೋಳದ ಮೊರ ಕೊಡವಿ ಒಳಗೆ ಹೋದಳು.

ಆದರೂ ಇಂಡಿಗೆ ಫೋನು ಮಾಡಿ ಅದು ತೊಟ್ಟಿಲ ಕೊಂಡಿ ಅಂತ ಹೇಳಿದ. "ತೊಟ್ಟಿಲ ಕೊಂಡಿ ಅಂತ ಯಾರಂದ್ರು?" ಕೇಳಿದರು ರಾಯರು. "ಮನಿ ಮಾಲಕಳೇನು? ಆಕಿ ಮತ್ತೇನಂತಾಳ?"

ಮೊದಲು ಹುಟ್ಟಿದ ಮಾತು ತನ್ನದೇ ಅಂತ ಮಾವನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಮನೆ ನೋಡಲು ಬಂದವರೆಲ್ಲ ಮೊದಲು ಮೇಲೆ ನೋಡತೊಡಗಿದರು. ಸಿದ್ದಲಿಂಗವ್ವ ಕೊಂಡಿ ಕೀಳಿಸಿದಳು. ಆಮೇಲೆ ಬಂದವರು ತೂತು ನೋಡಿ ಹೊರಳಿ ಹೋದರು. ದೀಪಾವಳಿಗೂ ಮಾಳಿಗೆ ಖಾಲಿಯಿತ್ತು, ಇಂಡಿಯಲ್ಲಿ ಮೃಣಾಲಿನಿ ಟ್ರಂಕಿನ ಸೀರೆ ಹೊರಗೆ ತೆಗೆದು ಮತ್ತೆ ಕಪಾಟಿನಲ್ಲಿ ಇಟ್ಟಿದ್ದಳು.

ಹೋದದ್ದು ಇಷ್ಟು: ಎರಡು ಖೋಲಿ, ಒಂದು ನಳ, ಒಂದು ಕೊಂಡಿ, ಒಂದು ಮನೆಯ ಹೆಸರು, ಒಂದು ವರ್ಷದ ಸಂಸಾರ.