ಗೌರವ ಫಲಕದ ಚೌಕಟ್ಟು

"ಬೇಸಿಗೆಯಲ್ಲಾದ್ರೆ ಹನ್ನೆರಡು ಸಾವಿರ. ಈ ಚಳೀಲಿ ಹದಿನೆಂಟು. ನೆಲ ಕಲ್ಲಾಗಿದೆ ತಾಯಿ, ಎರಡು ದಿನ ಕಲ್ಲಿದ್ದಲು ಉರಿಸಿ ಮೆತ್ತಗೆ ಮಾಡಿದ್ದೀವಿ," ಎಂದ ಗುಂಡಿ ತೋಡುವ ಪ್ರೊಖೋರ್, ಸನಿಕೆಯನ್ನು ಬೂಟಿಗೆ ಕುಟ್ಟಿ ಮಣ್ಣು ಉದುರಿಸುತ್ತ.

"ಹದಿನಾರು ತಗೋ. ಸತ್ತಿರೋಳು ಗವರ್ನರ್ ಹೆಂಡ್ತಿ ಅಲ್ಲ." ಜಿನಾ ಕೈಗವಸು ಬಿಚ್ಚಿ ನೋಟು ಎಣಿಸತೊಡಗಿದಳು.

"ಎಲ್ಲಿ ಕೆಲಸ ಮಾಡ್ತಿದ್ರು?"

"ಕೋಳಿ ಕಾರ್ಖಾನೆ. ಕರುಳು ತೆಗೆಯೋ ಸಾಲು. ಇಪ್ಪತ್ತೇಳು ವರ್ಷ. ನಾನೂ ಅಲ್ಲೇ, ಅವಳ ಪಕ್ಕದಲ್ಲೇ."

ಪ್ರೊಖೋರ್ ಅವಳ ಬೆರಳುಗಳನ್ನು ನೋಡಿದ. ಗಂಟುಗಳು ಊದಿ ಸೊಟ್ಟಗಾಗಿದ್ದವು. "ನನ್ನವಳೂ ಅಲ್ಲೇ ಇದ್ಲು," ಎಂದ. "ಆಯ್ತು, ಹದಿನಾರೇ ಕೊಡಿ."

ಶವಪೆಟ್ಟಿಗೆಗೆ ಹನ್ನೊಂದು, ಗಾಡಿಗೆ ಆರು, ಶಿಲುಬೆಗೆ ನಾಲ್ಕು, ಗುಂಡಿಗೆ ಹದಿನಾರು. ಒಟ್ಟು ಮೂವತ್ತೇಳು ಸಾವಿರ ರೂಬಲ್. ಸತ್ತ ಫಾಯಿನಾಳ ಕೊನೆಯ ಸಂಬಳ ಮೂವತ್ತನಾಲ್ಕು ಸಾವಿರದ ಇನ್ನೂರು. ತಿಂಗಳಿಡೀ ದುಡಿದದ್ದು ಮಣ್ಣಿಗಿಳಿಯುವುದಕ್ಕೂ ಸಾಲಲಿಲ್ಲ. ಕಡಿಮೆ ಬಿದ್ದದ್ದನ್ನು ಜಿನಾ ಹಾಕಿದಳು.

ಫಾಯಿನಾಳ ಮಗಳು ವಾರ್ಯಾ ಅಮ್ಮನ ಫೋಟೋವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮನೆಯಲ್ಲಿ ಒಂದೂ ಒಳ್ಳೆಯ ಫೋಟೋ ಇರಲಿಲ್ಲ. ಇದು ಕಾರ್ಖಾನೆಯಲ್ಲಿ ಮೆಚ್ಚಿನ ಕೆಲಸಗಾರರ ಫೋಟೋ ತೂಗುಹಾಕುವ ಗೌರವ ಫಲಕದಿಂದ ಬಿಚ್ಚಿ ತಂದದ್ದು, ಗಾಜು ಹಾಕಿದ ಚೌಕಟ್ಟಿನ ಸಮೇತ.

ಪೆಟ್ಟಿಗೆ ಇಳಿಸುವ ಹೊತ್ತಿಗೆ ಕಪ್ಪು ಕಾರೊಂದು ಬಂತು. ಸಿಬ್ಬಂದಿ ವಿಭಾಗದ ಇಂಗಾ ವದಿಮೋವ್ನಾ ಇಳಿದಳು. ಹಿಂದೆ ಕ್ಯಾಮೆರಾದವನು, ಅವನ ಹಿಂದೆ ಆಳೆತ್ತರದ ಪ್ಲಾಸ್ಟಿಕ್ ಹೂಮಾಲೆ. ಅದರ ಪಟ್ಟಿಯ ಮೇಲೆ ಚಿನ್ನದ ಅಕ್ಷರ: 'ಕೃತಜ್ಞ ಆಡಳಿತದಿಂದ.' ಇಂಗಾ ವಾರ್ಯಾಳ ಕೈಗೆ ಲಕೋಟೆ ಇಟ್ಟು, ಕ್ಯಾಮೆರಾ ಕ್ಲಿಕ್ ಅನ್ನುವವರೆಗೂ ಆ ಕೈ ಬಿಡಲಿಲ್ಲ. ಆಮೇಲೆ ಜಿನಾಳ ಕಡೆ ತಿರುಗಿ ಮಡಿಸಿದ ಕಾಗದವೊಂದನ್ನು ಕೊಟ್ಟಳು.

"ಊಟದ ಹೊತ್ತಲ್ಲಿ ಇದನ್ನ ಓದಿಬಿಡಿ. ನಿಮ್ಮ ವಿಭಾಗದ ಪರವಾಗಿ ನಾಲ್ಕು ಮಾತು. ನಿಮಗೂ ಪಿಂಚಣಿಗೆ ಇನ್ನೆರಡೇ ವರ್ಷ ಅಲ್ವಾ?"

ಕೇಳಿದ್ದು ಬಹಳ ಅಕ್ಕರೆಯಿಂದ.

*

ಮೂರು ವರ್ಷದ ಹಿಂದೆ ಕಾರ್ಖಾನೆಯ ಬಾಗಿಲಲ್ಲಿ ಒಂದು ಪ್ರಕಟಣೆ ಅಂಟಿಸಿದ್ದರು: 'ನಮ್ಮಲ್ಲಿ ಸರಾಸರಿ ವೇತನ ಐವತ್ತೆಂಟು ಸಾವಿರ ರೂಬಲ್.' ಆಗ ಸಾಲಿನ ಹೆಂಗಸರ ಕೈಗೆ ಬರುತ್ತಿದ್ದದ್ದು ಇಪ್ಪತ್ತೊಂಬತ್ತು.

ಫಾಯಿನಾ ಅದನ್ನು ಎರಡು ಸಲ ಓದಿದಳು. "ನನ್ನ ಪಕ್ಕ ಇನ್ನೊಬ್ಬ ಫಾಯಿನಾನ ನಿಲ್ಲಿಸಿದ್ರೆ ಲೆಕ್ಕ ಸರಿ ಹೋಗುತ್ತೆ ನೋಡು. ಅವಳೆಲ್ಲಿದ್ದಾಳೆ ಅಂತ ಕೇಳ್ಬೇಕಲ್ಲ. ನಡಿಯೇ ಜಿನಾ, ಮೇಲೆ ಹೋಗೋಣ."

"ನಡಿ," ಎಂದಳು ಜಿನಾ.

ಕಚೇರಿ ಇದ್ದದ್ದು ಮಹಡಿಯ ಮೇಲೆ. ಮೆಟ್ಟಿಲ ತಿರುವಿನಲ್ಲಿ ಜಿನಾ ನಿಂತಳು. "ಬೂಟಿನ ದಾರ ಬಿಚ್ಚಿದೆ. ನೀನು ಹೋಗ್ತಾ ಇರು, ಬಂದೆ."

ಕಾಲಲ್ಲಿದ್ದದ್ದು ಕೆಲಸದ ರಬ್ಬರ್ ಬೂಟು. ಅದಕ್ಕೆ ದಾರವೇ ಇಲ್ಲ. ಫಾಯಿನಾ ಒಮ್ಮೆ ಬೂಟನ್ನು ನೋಡಿ ಮೇಲೆ ಹತ್ತಿದಳು.

ಲೆಕ್ಕದವರು ನಕ್ಕರಂತೆ. ಸರಾಸರಿ ಅಂದರೆ ಎಲ್ಲರದ್ದೂ ಕೂಡಿಸಿ ತಲೆಲೆಕ್ಕದಿಂದ ಭಾಗಿಸೋದು, ದೊಡ್ಡವರ ಸಂಬಳವೂ ಅದರಲ್ಲಿ ಇರುತ್ತೆ ಎಂದರಂತೆ. ಫಾಯಿನಾ ಅಂದಳಂತೆ: "ಕೂಡಿಸೋವಾಗ ನಾನಿದ್ದೆ. ಹಂಚೋವಾಗ ಎಲ್ಲಿ ಹೋದೆ?"

ಅದಾದ ಮೇಲೆ ಮೂರು ತಿಂಗಳು ಅವಳ ಬೋನಸ್ ಕಡಿತವಾಯಿತು. ಕಾರಣ: 'ಉಡುಪು ಶುಚಿಯಿಲ್ಲ.' ಕೋಳಿಯ ಕರುಳು ತೆಗೆಯುವವಳ ಉಡುಪು. ವರ್ಷದ ಕೊನೆಗೆ ಅವಳ ಫೋಟೋ ಗೌರವ ಫಲಕಕ್ಕೆ ಏರಿತು. ಬಾಯಿ ಮುಚ್ಚಿಸುವುದಕ್ಕೆ ಸಂಬಳಕ್ಕಿಂತ ಫೋಟೋ ಅಗ್ಗ.

ದಾರದ ಮಾತನ್ನು ಫಾಯಿನಾ ಸಾಯುವವರೆಗೂ ಎತ್ತಲಿಲ್ಲ. ಎತ್ತಿದ್ದರೆ ಜಿನಾಳಿಗೆ ಹಗುರಾಗುತ್ತಿತ್ತು.

*

ಮಣ್ಣು ಮಾಡಿ ಬಂದವರಿಗೆ ಊಟ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಅಡುಗೆಯನ್ನು ಸಾಲಿನ ಹೆಂಗಸರೇ ಮನೆಯಲ್ಲಿ ಮಾಡಿ ತಂದಿದ್ದರು: ಒಣದ್ರಾಕ್ಷಿ ಬೆರೆಸಿದ ಗೋಧಿ, ತೆಳು ದೋಸೆ, ಎಲೆಕೋಸಿನ ಸಾರು. ಸಾವಿನ ಊಟಕ್ಕೆ ಮುಳ್ಳುಚಮಚ, ಚಾಕು ಇಡುವಂತಿಲ್ಲ, ಬರೀ ಚಮಚಗಳಿದ್ದವು. ಫೋಟೋದ ಮುಂದೆ ಒಂದು ಲೋಟ ವೋದ್ಕಾ, ಅದರ ಮೇಲೊಂದು ತುಂಡು ಕಪ್ಪು ರೊಟ್ಟಿ. ಎಲ್ಲರ ತಲೆಗೂದಲಿನಿಂದ ಕೋಳಿಯ ವಾಸನೆ. ವಿನೆಗರ್ ಹಾಕಿ ತೊಳೆದರೂ ಹೋಗದು ಅದು. ಇಂಗಾಳಿಂದ ಮಾತ್ರ ಸೇವಂತಿಗೆಯ ಪರಿಮಳ.

ಸಾಲಿನ ಇನ್ನೊಬ್ಬ ಗೆಳತಿ ತೈಸಿಯಾ ಪಕ್ಕಕ್ಕೆ ಬಂದು ಕೂತಳು. ಆ ಬೆಳಿಗ್ಗೆ ಕೊಟ್ಟಿದ್ದ ಸಂಬಳದ ಚೀಟಿಯನ್ನು ಮೇಜಿನಡಿ ಜಿನಾಳ ಮಡಿಲಿಗೆ ತಳ್ಳಿದಳು.

"ಕೊನೇ ಸಾಲು ಓದೇ."

'ಅಂತ್ಯಕ್ರಿಯೆಯ ನೆರವಿಗೆ ಸ್ವಇಚ್ಛೆಯ ಕಡಿತ: ಮುನ್ನೂರು.'

"ನಂಗೆ ಯಾವಾಗ ಇಚ್ಛೆ ಆಯ್ತು?" ಪಿಸುಗುಟ್ಟಿದಳು ತೈಸಿಯಾ. "ವಿಭಾಗದಲ್ಲಿ ನೂರಾ ಹತ್ತು ಜನ. ಮೂವತ್ಮೂರು ಸಾವಿರ ಆಯ್ತು. ಲಕೋಟೇಲಿ ಇಪ್ಪತ್ತು ಇದೆ, ವಾರ್ಯಾನ ಕೇಳ್ದೆ. ಹೂಮಾಲೆ ಆರೂವರೆ, ಬೆಲೆ ಚೀಟಿ ಕೀಳೋಕೂ ಅವ್ರಿಗೆ ಪುರುಸೊತ್ತಿಲ್ಲ."

"ಉಳಿದಿದ್ದು?"

"ಕಾರಿಗೆ ಪೆಟ್ರೋಲ್ ಬೇಡ್ವಾ?"

ಜಿನಾ ಕಾಗದ ಬಿಡಿಸಿದಳು. 'ನಮ್ಮ ಕಾರ್ಖಾನೆ ಫಾಯಿನಾ ಸಾವೆಲ್ಯೆವ್ನಾರನ್ನು ಮನೆಮಗಳಂತೆ ನೋಡಿಕೊಂಡಿತು. ಅವರಿಗೆ ಯಾವ ಕೊರತೆಯೂ ಇರಲಿಲ್ಲ.' ಇಷ್ಟು ವರ್ಷ ಕರುಳಿನಲ್ಲಿ ಕೈಯಾಡಿಸಿಯೂ ಹೇಸದ ಕೈ ಅದು. ಈಗ ಆ ಕಾಗದ ಮುಟ್ಟುವುದಕ್ಕೆ ಹೇಸಿತು.

ಇಂಗಾ ಚಮಚದಿಂದ ಲೋಟ ತಟ್ಟಿದಳು. ಕ್ಯಾಮೆರಾದವನು ಎದ್ದ.

ಜಿನಾ ನಿಂತಳು. ಎರಡು ವರ್ಷ. ಗಂಡನ ಔಷಧಿಗೇ ತಿಂಗಳಿಗೆ ಏಳು ಸಾವಿರ. ಫಲಕದ ಫೋಟೋದಿಂದ ಫಾಯಿನಾ ಅವಳನ್ನು ನೋಡುತ್ತಿದ್ದಳು, ಬೂಟನ್ನು ನೋಡಿದ ಹಾಗೆಯೇ.

"ಇದರಲ್ಲಿ ಅವಳಿಗೆ ಯಾವ ಕೊರತೆನೂ ಇರ್ಲಿಲ್ಲ ಅಂತ ಬರೆದಿದ್ದಾರೆ," ಎಂದಳು. "ಅವಳ ಸಂಬಳ ಅವಳ ಮಣ್ಣಿಗೇ ಸಾಲ್ಲಿಲ್ಲ, ಎರಡು ಸಾವಿರದ ಎಂಟ್ನೂರು ಕೊರತೆ ಬಿತ್ತು. ಆ ಹೂಮಾಲೆ, ಈ ಲಕೋಟೆ ಎಲ್ಲಾ ನಮ್ಮ ಮುನ್ನೂರು ಮುನ್ನೂರು. ವಾರ್ಯಾ, ನೀನು ಯಾರಿಗೂ ಕೈ ಮುಗಿಯೋದು ಬೇಡ, ಅದು ನಿಮ್ಮಮ್ಮನ ಜತೆಯವರ ದುಡ್ಡು."

ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ.

"ಮೂರು ವರ್ಷದ ಹಿಂದೆ ಇವಳು ಮೇಲೆ ಹೋಗಿ ಒಂದು ಪ್ರಶ್ನೆ ಕೇಳಿದ್ಲು. ಕೂಡಿಸೋವಾಗ ನಾನಿದ್ದೆ, ಹಂಚೋವಾಗ ಎಲ್ಲಿ ಹೋದೆ ಅಂತ. ಆವತ್ತು ಬರ್ತೀನಿ ಅಂತ ಹೇಳಿ ನಾನು ಮೆಟ್ಟಿಲಲ್ಲೇ ನಿಂತೆ. ಬೂಟಿಗೆ ದಾರ ಇರ್ಲಿಲ್ಲ ಫಾಯಿನಾ. ಇವತ್ತು ಕೇಳ್ತಾ ಇದ್ದೀನಿ."

ಮೊದಲು ತೈಸಿಯಾ ಎದ್ದಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ. ಸತ್ತವರ ಹೆಸರಲ್ಲಿ ಕುಡಿಯುವಾಗ ಲೋಟ ತಾಗಿಸಬಾರದು. ಸದ್ದಿಲ್ಲದೆ ಕುಡಿದರು.

ಹೊರಡುವಾಗ ಇಂಗಾ ವಾರ್ಯಾಳ ಹತ್ತಿರ ಬಂದಳು. ದನಿಯಲ್ಲಿ ಈಗ ಅಕ್ಕರೆ ಇರಲಿಲ್ಲ. "ಚೌಕಟ್ಟು ವಾಪಸ್ ಕೊಡ್ಬೇಕು. ಕಾರ್ಖಾನೆಯ ಸ್ವತ್ತು ಅದು, ಹಿಂದೆ ನಂಬರ್ ಇದೆ."

"ಅಮ್ಮನ ಫೋಟೋ?" ವಾರ್ಯಾ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಫೋಟೋಗೆ ನಂಬರ್ ಇಲ್ಲ."

"ಕೊಡಮ್ಮ ಇಲ್ಲಿ," ಎಂದಳು ಜಿನಾ. ಮೇಜಿನ ಮೇಲೆ ಚಾಕು ಇರಲಿಲ್ಲ. ಚಮಚದ ಹಿಡಿಯಿಂದ ಮೊಳೆ ಮೀಟಿ, ಫಾಯಿನಾಳನ್ನು ಹೊರಗೆ ತೆಗೆದು ಮಗಳ ಕೈಗೆ ಕೊಟ್ಟಳು. ಗಾಜು, ಹಿಂಬದಿಯಲ್ಲಿ ನಂಬರ್ ಬರೆದಿದ್ದ ರಟ್ಟು, ಚೌಕಟ್ಟುಗಳನ್ನು ಬೇರೆಬೇರೆಯಾಗಿ ಇಂಗಾಳ ಮುಂದಿಟ್ಟಳು.

ಆ ತಿಂಗಳು ಜಿನಾಳ ಬೋನಸ್ ಹೋಯಿತು, ಒಂಬತ್ತು ಸಾವಿರ. ಕಾರಣ: 'ಉಡುಪು ಶುಚಿಯಿಲ್ಲ.' ಮುಂದಿನ ತಿಂಗಳೂ ಹೋಯಿತು. ವಾರ್ಯಾಳಿಗೆ ಉಳಿದದ್ದು ಒಂದು ಫೋಟೋ.

ಗೌರವ ಫಲಕದಲ್ಲಿ ಚೌಕಟ್ಟು ಮತ್ತೆ ತನ್ನ ಜಾಗಕ್ಕೆ ಬಂತು. ಜೋಡಿಸಿದವರು ಯಾರೋ ಅವಸರದಲ್ಲಿ ರಟ್ಟನ್ನು ತಿರುಗಿಸಿ ಹಾಕಿದ್ದರು. ಕೆಳಗೆ ಫಾಯಿನಾಳ ಹೆಸರು ಹಾಗೇ ಇತ್ತು. ಮೇಲೆ, ಗಾಜಿನ ಹಿಂದೆ, ಮುಖ ಇರಬೇಕಾದ ಕಡೆ, ನೀಲಿ ಶಾಯಿಯಲ್ಲಿ: 417.