ಎರಡರಲ್ಲಿ ಒಂದು ಬಾಟಲಿ

ಅಡುಗೆಯವನಿಗೆ ಮೂಗು ಹೋದರೆ ಕೈಯಲ್ಲಿ ಉಳಿಯುವುದು ಬರೀ ಸೌಟು. ಈ ಮಾತನ್ನು ನಾನು ತಮಾಷೆಗೆ ಹೇಳುತ್ತಿದ್ದ ಕಾಲವೂ ಇತ್ತು.

ಘಾಟ್ಕೋಪರ್ ಸ್ಟೇಶನ್ ಹತ್ತಿರದ ನಮ್ಮ ಹೋಟೆಲಿನಲ್ಲಿ ಒಂದು ಕಟ್ಟುನಿಟ್ಟು. ಬೆಳಗಿನ ಮೊದಲ ಸಾಂಬಾರನ್ನು ಅಡುಗೆಮನೆಯ ದೇವರ ಪಟದ ಮುಂದೆ ಇಡುವವರೆಗೆ ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಉಪ್ಪು, ಹುಳಿ, ಹುರಿದ ಕೊತ್ತಂಬರಿಯ ಹದ ಎಲ್ಲವನ್ನೂ ಮೂಗಿನಿಂದಲೇ ನೋಡಬೇಕು. ಬೇರೆ ಕಡೆಯ ಅಡುಗೆಯವರು ಕೇಳಿ ನಗುತ್ತಾರೆ. ನಗಲಿ. ಉಪ್ಪು ಕಡಿಮೆಯಾದ ಸಾಂಬಾರಿಗೆ ಒಂದು ಹಸಿ ವಾಸನೆ ಇರುತ್ತದೆ. ನನಗೆ ಅದು ಬಾಗಿಲಲ್ಲೇ ತಿಳಿಯುತ್ತಿತ್ತು.

ಮಳೆಗಾಲದಲ್ಲಿ ಒಂದು ಜ್ವರ ಬಂತು. ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾರಿಗೂ ಹೇಳದೆ ಕೈಯಳತೆಯಲ್ಲೇ ದಿನ ದೂಡಿದೆ. ಒಂದು ಬೆಳಿಗ್ಗೆ ನಾನು ಒಲೆಗೆ ಬೆನ್ನು ಹಾಕಿ ಬೀನ್ಸ್ ಹೆಚ್ಚುತ್ತಿದ್ದೆ. ಬಾಣಲೆಯ ಕೊತ್ತಂಬರಿ ಸೀದು ಕರಕಲಾಗುತ್ತಿತ್ತು. ಗಲ್ಲಾದಲ್ಲಿದ್ದ ಧಣಿಗಳೇ ಕೆಮ್ಮುತ್ತಾ ಒಳಗೆ ಓಡಿಬಂದರು.

"ಧನರಾಜ, ನಿಂಗೆ ಮೂಗು ಉಂಟಾ ಇಲ್ವಾ?"

ನಾನು ಬಾಣಲೆ ಇಳಿಸಿ ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತು.

ಧಣಿಗಳು ಕೆಟ್ಟವರಲ್ಲ. "ಹೋಗಿ ಟೆಸ್ಟ್ ಮಾಡಿಸು. ಸ್ವಲ್ಪ ಆದ್ರೂ ಉಂಟು ಅಂತಾದ್ರೆ ಒಲೆ ನಿಂದೇ, ಸರಿಯಾಗುವವರೆಗೆ ನಾನು ಕಾಯ್ತೇನೆ. ಏನೂ ಇಲ್ಲ ಅಂತಾದ್ರೆ ಹೊರಗೆ ಟೇಬಲ್ ನೋಡಿಕೋ" ಎಂದರು. ಆ 'ಸ್ವಲ್ಪ'ಕ್ಕಾಗಿ ನಾನು ಹೇಳದ ಹರಕೆಯಿಲ್ಲ.

ಮೂಗಿನ ಪರೀಕ್ಷೆ ಮಾಡುವ ಜೋಗೇಶ್ವರಿಯ ಒಂದು ಲ್ಯಾಬಿಗೆ ನನ್ನ ಹೆಂಡತಿ ವಸಂತಿಯೂ ಬಂದಳು. ಪರೀಕ್ಷೆ ಮಾಡುವ ಸಂಹಿತಾ ಮನಶ್ಶಾಸ್ತ್ರ ಓದಿದವರು, ಮೈಸೂರಿನ ಕಡೆಯವರು. ಕನ್ನಡ ಕೇಳಿದ್ದೇ ವಸಂತಿಗೆ ಧೈರ್ಯ ಬಂತು. "ನಾನು ಇವರ ಹತ್ರವೇ ಕೂತ್ಕೊಳ್ತೇನೆ ಮೇಡಂ, ಇವರು ಭಾರೀ ಟೆನ್ಶನ್ ಮಾಡಿಕೊಳ್ಳುದು" ಎಂದಳು. ಸಂಹಿತಾ ಒಂದು ಕ್ಷಣ ಯೋಚಿಸಿ ಒಪ್ಪಿದರು.

ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು. ಪ್ರತಿ ಸಲ ಎರಡು ಬಾಟಲಿ ಮೂಗಿನ ಕೆಳಗೆ ಬರುತ್ತವೆ. ಒಂದರಲ್ಲಿ ಗುಲಾಬಿಯ ವಾಸನೆ, ಇನ್ನೊಂದರಲ್ಲಿ ಬರೀ ನೀರು. ಸರಿ ಹೇಳಿದರೆ ಮುಂದಿನ ಸಲ ವಾಸನೆ ಇನ್ನೂ ತೆಳ್ಳಗೆ, ತಪ್ಪಿದರೆ ಸ್ವಲ್ಪ ದಪ್ಪ. ಹೀಗೆ ಇಳಿಸುತ್ತಾ ಏರಿಸುತ್ತಾ, ಯಾವ ಮಟ್ಟದಲ್ಲಿ ಮೂಗು ಕೈ ಚೆಲ್ಲುತ್ತದೆ ಎಂದು ಗುರುತು ಮಾಡುತ್ತಾರಂತೆ.

"ನಂಗೆ ಎರಡೂ ಒಂದೇ ಮೇಡಂ" ಎಂದೆ ನಾನು, ಮೊದಲ ಜೋಡಿಗೇ.

"ಪರವಾಗಿಲ್ಲ, ಗೊತ್ತಾಗ್ದಿದ್ರೂ ಒಂದನ್ನ ಹೇಳ್ಲೇಬೇಕು. ಮನಸ್ಸಿಗೆ ತೋಚಿದ್ದು ಹೇಳಿ."

ತೋಚಿದ್ದು ಹೇಳಿದೆ. ಸರಿ ಎಂದರು. ಮತ್ತೆ ಹೇಳಿದೆ, ಮತ್ತೆ ಸರಿ. ವಾಸನೆ ತೆಳ್ಳಗಾಗುತ್ತಾ ಹೋಯಿತು, ನಾನು ತಪ್ಪಲೇ ಇಲ್ಲ. ನನಗೆ ಏನೂ ಬರುತ್ತಿರಲಿಲ್ಲ, ಆದರೂ 'ಇದೇ' ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಮೂಗು ಸತ್ತಿಲ್ಲ, ಮಲಗಿದೆ ಎಂದುಕೊಂಡೆ. ಬಟ್ಟೆಯ ಕೆಳಗೆ ಕಣ್ಣು ಒದ್ದೆಯಾಯಿತು.

ಆಗ ಸಂಹಿತಾ ಬಾಟಲಿಗಳನ್ನು ಕೆಳಗಿಟ್ಟ ಸದ್ದು ಕೇಳಿಸಿತು. "ವಸಂತಿ ಅವರೇ, ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು.

ಅವಳು ಹೋದಳು. ಬೆಂಚಿನ ಮೇಲೆ ನನ್ನ ಪಕ್ಕ ಖಾಲಿಯಾಯಿತು. ಬಾಟಲಿಗಳು ಮತ್ತೆ ಬಂದವು, ಮತ್ತೆ ತೋಚಿದ್ದನ್ನು ಹೇಳಿದೆ. ಈಗ ಏನೂ ತೋಚುತ್ತಿರಲಿಲ್ಲ. ಕುರುಡ ಕಲ್ಲು ಎಸೆದ ಹಾಗೆ ಒಂದು ತಾಗಿತು, ಒಂದು ತಪ್ಪಿತು. ಕೊನೆಗೆ ಅವರಲ್ಲಿದ್ದ ಅತಿ ದಪ್ಪ ವಾಸನೆಯನ್ನೇ ತಂದರಂತೆ. ನನಗೆ ಅದೂ ನೀರು.

ಬಟ್ಟೆ ಬಿಚ್ಚಿ ವಸಂತಿಯನ್ನು ಒಳಗೆ ಕರೆದು ಸಂಹಿತಾ ಇಬ್ಬರಿಗೂ ಬಿಡಿಸಿ ಹೇಳಿದರು. ಗುಲಾಬಿಯ ಬಾಟಲಿ ತೆರೆದಾಗಲೆಲ್ಲ ವಸಂತಿ ತನಗೆ ತಿಳಿಯದೆಯೇ ಉಸಿರು ಉದ್ದಕ್ಕೆ ಎಳೆಯುತ್ತಿದ್ದಳು. ಅವಳ ಭುಜ ನನ್ನ ಭುಜಕ್ಕೆ ತಾಗಿಕೊಂಡಿತ್ತು. ಆ ಏರಿಳಿತವನ್ನು ನಾನೂ ತಿಳಿಯದೆಯೇ ಓದುತ್ತಿದ್ದೆ. ಇಷ್ಟು ಹೊತ್ತು ಅವರು ಅಳೆದದ್ದು ವಸಂತಿಯ ಮೂಗನ್ನು.

"ತಪ್ಪು ನಂದು. ಅವರನ್ನ ಒಳಗೆ ಬಿಡಬಾರದಾಗಿತ್ತು" ಎಂದರು ಸಂಹಿತಾ. "ಮೂಗು ವಾಪಸ್ ಬರಬಹುದು, ಬರದೇನೂ ಇರಬಹುದು. ಇವತ್ತಿಗೆ ಏನೂ ಇಲ್ಲ ಅಂತಲೇ ಬರೀಬೇಕು."

"ನಾನೆಂತ ಮಾಡಿದ್ದು? ಸುಮ್ಮನೆ ಕೂತದ್ದಲ್ವಾ?" ಎಂದು ವಸಂತಿ ನನ್ನನ್ನೇ ಕೇಳಿದಳು. ಇಷ್ಟು ವರ್ಷ ಒಂದೇ ಖೋಲಿಯಲ್ಲಿ ಮಲಗಿ ಎದ್ದದ್ದಕ್ಕೆ ನಮಗೆ ಸಿಕ್ಕ ಬಹುಮಾನ ಇದು. ಮೆಟ್ರೋದಲ್ಲಿ ಇಬ್ಬರೂ ಕಿಟಕಿ ನೋಡಿಕೊಂಡು ಬಂದೆವು.

ಮರುದಿನ ಧಣಿಗಳ ಬಳಿ ಹೋಗಲು ನಾನು ಅಂಗಿ ಹಾಕುತ್ತಿದ್ದೆ. ವಸಂತಿ ಎರಡು ಡಬ್ಬಿ ತಂದು ಇಟ್ಟಳು.

"ಇನ್ನೊಂದು ಸಲ ನೋಡುವಾ. ಆ ಹೂವಿನ ವಾಸನೆ ಎಲ್ಲ ಗಂಡಸರಿಗೆಲ್ಲಿ ಗೊತ್ತಾಗ್ತದೆ? ಒಂದರಲ್ಲಿ ಹಿಂಗು ಉಂಟು, ಇನ್ನೊಂದು ಖಾಲಿ. ನೀವು ಸರಿ ಹೇಳಿದ್ರೆ ಧಣಿಗಳ ಹತ್ರ ನಾನೇ ಬಂದು ಮಾತಾಡ್ತೇನೆ."

ನನ್ನ ಕಣ್ಣಿಗೆ ಅವಳೇ ಮೈ ಒರೆಸುವ ಬೈರಾಸು ಕಟ್ಟಿದಳು. ಪಕ್ಕಕ್ಕೆ ಬಂದು ಒತ್ತಿಕೊಂಡೇ ಕೂತಳು. ಮೊದಲ ಡಬ್ಬಿ ಬಂತು. ಅವಳ ಭುಜ ಅಲುಗಲಿಲ್ಲ. ಎರಡನೆಯದು ಬಂತು. ಅವಳು ಉಸಿರು ಎಳೆದಳು ನೋಡಿ, ಹೆರಿಗೆಯ ದಿನವೂ ಹಾಗೆ ಎಳೆದಿರಲಾರಳು. ಈ ಸಲ ತಿಳಿದೇ ಎಳೆದದ್ದು. ತನ್ನ ಮೂಗನ್ನೇ ನನಗೆ ಕೊಡಲು ಕೂತಿದ್ದಳು.

ಎರಡನೇದು ಎಂದುಬಿಡಬಹುದಿತ್ತು. ಒಲೆ ಮತ್ತೆ ನನ್ನದಾಗುತ್ತಿತ್ತು. ಆದರೆ ಆ ಒಲೆಯ ಮುಂದೆ ನನ್ನ ಪಕ್ಕದಲ್ಲಿ ಈ ಭುಜ ಇರುವುದಿಲ್ಲ. ಇಂದಲ್ಲ ನಾಳೆ ಮತ್ತೆ ಏನೋ ಸೀಯುತ್ತದೆ, ಆ ದಿನ ಸುಳ್ಳುಗಾತಿಯಾಗಿ ನಿಲ್ಲುವವಳು ಇವಳು.

"ಮೊದಲನೇದು" ಎಂದೆ.

ಡಬ್ಬಿಗಳಿಗೆ ಒಂದೊಂದಾಗಿ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಆಮೇಲೆ ನನ್ನ ಭುಜಕ್ಕೆ ತಾಗಿಕೊಂಡಿದ್ದ ಅವಳ ಭುಜ ಅದುರತೊಡಗಿತು. ನಾನು ಬೈರಾಸು ಬಿಚ್ಚಲಿಲ್ಲ.